ತಂಪಣ್ಣ ಸಾಕಿದ ಈಜುಮರಿಗಳು

ಕೆಡುವುದೆಲ್ಲ ಬಿಸಿಯಿಂದ, ಉಳಿಯುವುದೆಲ್ಲ ತಂಪಿನಿಂದ. ಇದು ತಂಪಣ್ಣನ ಮೂವತ್ತು ವರ್ಷದ ಸಿದ್ಧಾಂತ. ಅಷ್ಟೂ ವರ್ಷ ಅವನು ಊರವರ ಫ್ರಿಜ್ಜುಗಳ ಬೆನ್ನ ಹಿಂದೆ ಮಂಡಿಯೂರಿ ಕೂತು ಬದುಕಿದವನು. ಯಾರ ಮನೆಗೆ ಹೋದರೂ ಮೊದಲು ಫ್ರಿಜ್ಜಿನ ಕ್ಷೇಮ ವಿಚಾರಿಸಿ, ಆಮೇಲೆ ಮನೆಯವರ ಕ್ಷೇಮ ವಿಚಾರಿಸುತ್ತಿದ್ದ. ಅವನ ನಿಜವಾದ ಹೆಸರು ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು. ಮೂವತ್ತು ವರ್ಷ ಊರಿದ ಮಂಡಿ ಒಂದು ದಿನ ಇನ್ನು ಊರುವುದಿಲ್ಲ ಎಂದು ಹಟ ಹಿಡಿದಾಗ, ಅಂಗಡಿ ಮುಚ್ಚಿ ಅಕ್ಕನ ನರ್ಸರಿಗೆ ಬಂದು ಸೇರಿಕೊಂಡ. ಅಂಗಡಿ ಮುಚ್ಚಿದನೇ ಹೊರತು ಸಿದ್ಧಾಂತ ಮುಚ್ಚಲಿಲ್ಲ. ಅನರ್ಥ ಶುರುವಾದದ್ದೇ ಅಲ್ಲಿಂದ.

ಅಕ್ಕನದು ಮನೆಯ ಹಿಂದೆ ಉದ್ದಕ್ಕೆ ಕಟ್ಟಿದ ಗಾಜಿನ ಮನೆ. ಒಳಗೆ ದೊಣ್ಣೆಮೆಣಸಿನ ಸಸಿ ಎಬ್ಬಿಸಿ ಬೆಳೆಗಾರರಿಗೆ ಕೊಡುವುದು ಕಸುಬು. ಸಸಿಯ ಟ್ರೇಗಳನ್ನು ಆಳವಿಲ್ಲದ ಉದ್ದ ತೊಟ್ಟಿಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಮೂಲೆಯ ದೊಡ್ಡ ಟ್ಯಾಂಕಿನಿಂದ ಪಂಪು ನೀರೆತ್ತಿ ತೊಟ್ಟಿಗೆ ಬಿಡುತ್ತದೆ. ಆ ನೀರು ಬೇರುಗಳನ್ನು ಸವರಿಕೊಂಡು ಹರಿದು ಮತ್ತೆ ಟ್ಯಾಂಕಿಗೇ ಬರುತ್ತದೆ. ಒಂದೇ ನೀರು, ದಿನವಿಡೀ ಸುತ್ತು. ಬೇಸಿಗೆಯ ಮಧ್ಯಾಹ್ನ ಆ ನೀರು ಕೈಗೆ ಬೆಚ್ಚಗೆ ತಾಗಿದ್ದೇ ತಡ, ತಂಪಣ್ಣನ ಕರುಳು ಚುರ್ರೆಂದಿತು. ಯಾವುದೋ ಅಂಗಡಿಯವರು ಮೂಲೆಗೆ ಎಸೆದಿದ್ದ ಐಸ್‌ಕ್ರೀಮಿನ ಪೆಟ್ಟಿಗೆಯನ್ನು ತಂದು, ಹೊಟ್ಟೆ ಬಿಚ್ಚಿ, ಗ್ಯಾಸು ತುಂಬಿ, ಅದಕ್ಕೆ ಮರುಜನ್ಮ ಕೊಟ್ಟ. ಅಂದಿನಿಂದ ದಿನವೂ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಇಟ್ಟಿಗೆ ಗಾತ್ರದ ಎರಡು ಐಸು ಗಡ್ಡೆ ಟ್ಯಾಂಕಿಗೆ ಬೀಳತೊಡಗಿದವು. ತಾನಿಲ್ಲದ ದಿನ ಯಾರೂ ಮರೆಯದಿರಲಿ ಎಂದು ಗೋಡೆಗೊಂದು ಚೀಟಿ ಅಂಟಿಸಿದ: "ಮಧ್ಯಾಹ್ನ ೨ಕ್ಕೆ ಐಸು ೨. ಮರೆಯಬಾರದು." ಕೆಳಗೆ ಎರಡು ಗೆರೆ ಎಳೆದ. ಎಲ್ಲದರಲ್ಲೂ ಎರಡು ಬಂದದ್ದು ಅವನಿಗೆ ಬಲು ಹೆಮ್ಮೆ.

ಆ ಗಾಜಿನ ಮನೆಯಲ್ಲಿ ಸಸಿ ಮುಟ್ಟುವ ಹಕ್ಕು ಮೊದಲಿಂದಲೂ ಒಬ್ಬರದೇ. ಸಸಿಯಮ್ಮನದು. ಅಕ್ಕನ ನರ್ಸರಿ ನಾಲ್ಕು ಕಂಬ, ಒಂದು ಪ್ಲಾಸ್ಟಿಕ್ ಹಾಳೆ ಇದ್ದ ಕಾಲದಿಂದ ಹದಿನಾರು ವರ್ಷ ಅಲ್ಲೇ ಇದ್ದವರು. ಎರಡೆಲೆ ಮೂಡಿದ ಸಸಿಯನ್ನು ಕಿತ್ತು ಬೇರೆ ಗುಣಿಗೆ ಕೂರಿಸುವುದರಲ್ಲಿ ಅವರ ಬೆರಳು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಐಸು ಬಿದ್ದ ಮೊದಲ ದಿನವೇ ಟ್ಯಾಂಕಿಗೆ ಕೈಯಿಟ್ಟು ಹಿಂದಕ್ಕೆಳೆದುಕೊಂಡಿದ್ದರು.

"ಅಣ್ಣ, ನನ್ನ ಬೆರಳೇ ಜುಂ ಅನ್ನುತ್ತೆ. ಆ ಎಳೇ ಬೇರಿಗೆ ಹೇಗಿರ್ಬೇಡ?"

ತಂಪಣ್ಣ ಅವರನ್ನು ಕೂರಿಸಿಕೊಂಡು, ತಂಪಿನಲ್ಲಿ ಹಾಲು ಹೇಗೆ ಉಳಿಯುತ್ತದೆ, ಹಣ್ಣು ಹೇಗೆ ಉಳಿಯುತ್ತದೆ ಎಂದು ಅರ್ಧ ಗಂಟೆ ಬೋಧಿಸಿದ. ಸಸಿಯಮ್ಮ ಪೂರ್ತಿ ಕೇಳಿಸಿಕೊಂಡರು.

"ಫ್ರಿಜ್ಜಲ್ಲಿಡೋದು ಕಿತ್ತಿದ್ದನ್ನ ಅಲ್ವಾ ಅಣ್ಣ. ಇವು ಇನ್ನೂ ಬೆಳೀಬೇಕಲ್ಲ."

ಪಾಪ, ಓದಿಲ್ಲದವರು, ಅಂದುಕೊಂಡ ತಂಪಣ್ಣ. ತಾನು ಓದಿದ್ದು ಹತ್ತನೇ ಕ್ಲಾಸಿನ ತನಕ, ಅದೂ ಆ ಕ್ಲಾಸಿನಲ್ಲಿ ಎರಡು ವರ್ಷ ಎಂಬುದು ಆ ಗಳಿಗೆಯಲ್ಲಿ ಅವನಿಗೆ ನೆನಪಿಗೆ ಬರಲಿಲ್ಲ.

ಮುಂದಿನ ತಿಂಗಳು ಸಸಿ ಸಾಯತೊಡಗಿತು. ಕಾಂಡ ಮಣ್ಣು ಸೇರುವ ಕಡೆ ಕಪ್ಪಗೆ ಸುತ್ತು ಬೀಳುವುದು, ಬೆಳಗ್ಗೆ ಎಲೆ ಜೋತು ಬೀಳುವುದು, ಸಂಜೆಗೆ ಸಸಿಯೇ ಮಲಗುವುದು. ಒಂದು ತಂಡ ಪೂರ್ತಿ ಹೋಯಿತು. ತೊಟ್ಟಿ ತೊಳೆದು ಎರಡನೇ ತಂಡ ಇಟ್ಟರು. ಅದೂ ಹೋಯಿತು. ಮನೆಯಲ್ಲಿ ತಂಪಣ್ಣನಂಥ ಗಿಡದ ಡಾಕ್ಟರು ಇರುವಾಗ ಹೀಗಾಗಬಹುದೇ? ಮುಚ್ಚಿಹೋದ ಶಾಲೆಯ ಸಾಮಾನು ಮಾರಿದಾಗ ತಂಪಣ್ಣ ಒಂದು ಸೂಕ್ಷ್ಮದರ್ಶಕ ತಂದಿಟ್ಟುಕೊಂಡಿದ್ದ. ಅದರೊಳಗೆ ಮೂರು ವಾರ ಒಂದೇ ರೋಗಾಣುವನ್ನು ಪತ್ತೆಹಚ್ಚಿದ. ಕಪ್ಪಗೆ, ಬಾಗಿದ ಕತ್ತಿಯ ಹಾಗಿರುವ ರೋಗಾಣು. ಬೇರಲ್ಲೂ ಅದೇ, ನೀರಲ್ಲೂ ಅದೇ, ಕೊನೆಗೆ ಬರೀ ಗಾಜಲ್ಲೂ ಅದೇ. ಅದರ ಚಿತ್ರ ಬರೆದು ಭಾವನಿಗೆ ತೋರಿಸಿದ. ಅಕ್ಕನ ಗಂಡ ಸಸಿಗಳನ್ನು ವ್ಯಾನಿನಲ್ಲಿ ಊರೂರಿಗೆ ಮುಟ್ಟಿಸುವವರು. ಮಾತು ಕಡಿಮೆ, ಆಡಿದರೆ ಮುಳ್ಳು. ಅವರು ಕೊಳವೆಯೊಳಗೆ ಒಂದು ಸಲ ಇಣುಕಿ, ತಂಪಣ್ಣನ ಮುಖವನ್ನು ಒಂದು ಸಲ ದಿಟ್ಟಿಸಿ, "ಡಾಕ್ಟ್ರೇ, ಇದು ನಿಮ್ಮ ರೆಪ್ಪೆ ಕೂದ್ಲು" ಅಂದರು.

ಅಷ್ಟಾದ ಮೇಲೆ ಬುದ್ಧಿವಂತನಾದವನು ಸುಮ್ಮನಾಗುತ್ತಿದ್ದ. ತಂಪಣ್ಣ ಪುಸ್ತಕ ಹಿಡಿದ. ಹಳೆಯದೊಂದು ತೋಟಗಾರಿಕೆಯ ಪುಸ್ತಕದಲ್ಲಿ, ಬೇರಿನ ರೋಗ ಕಾಲಿಗೆ ಮೆತ್ತಿದ ಮಣ್ಣಿನ ಜೊತೆಗೂ ಬರಬಹುದು ಎಂಬ ಸಾಲು ಸಿಕ್ಕಿತು. ಸಾಲು ಸುಳ್ಳಲ್ಲ. ಅದರಲ್ಲಿ "ಬರಬಹುದು" ಎಂದಿತ್ತು. ತಂಪಣ್ಣ "ಬಂದಿದೆ" ಎಂದು ಓದಿಕೊಂಡ. ಸಸಿಯಮ್ಮನ ಮನೆ ಹಿಂದೆ ಅಂಗೈಯಗಲ ತರಕಾರಿ ಮಡಿ ಇದೆ. ದಿನವೂ ಬೆಳಗ್ಗೆ ಅದಕ್ಕೆ ನೀರು ಬಿಟ್ಟು, ಅದೇ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಬರುತ್ತಾರೆ. ಇನ್ನೇನು ಬೇಕು? ಅಕ್ಕ, ಭಾವ, ಸಸಿಯಮ್ಮ ಮೂವರನ್ನೂ ನಿಲ್ಲಿಸಿಕೊಂಡು ತೀರ್ಪು ಓದಿದ. ಸಸಿಯಮ್ಮ ಒಂದು ಚಪ್ಪಲಿ ಕಳಚಿ, ಮಗುಚಿ, ಅದರ ತಳವನ್ನು ಬಹಳ ಹೊತ್ತು ನೋಡಿದರು. "ಹದಿನಾರು ವರ್ಷದಿಂದ ಇದೇ ಕಾಲು" ಅಂದರು. ಅಷ್ಟೇ. ಮರುದಿನದಿಂದ ಅವರನ್ನು ಹೊರಗಿನ ಮಣ್ಣಿನ ಶೆಡ್ಡಿಗೆ ಹಾಕಿದರು. ಟ್ರೇಗೆ ಮಣ್ಣು ತುಂಬಬೇಕು, ಗಾಜಿನ ಮನೆಯ ಹೊಸಿಲು ದಾಟಬಾರದು.

ಮೂರನೇ ತಂಡ ನಾಲ್ಕು ಸಾವಿರ ಸಸಿ. ಒಬ್ಬನೇ ಬೆಳೆಗಾರ ಕೇಳಿದ್ದು. ಸಸಿಯಮ್ಮ ಒಳಗೆ ಕಾಲಿಡದೆ ಹನ್ನೆರಡು ದಿನವಾಗಿತ್ತು. ಹದಿಮೂರನೇ ಬೆಳಗ್ಗೆ ಟ್ಯಾಂಕಿನ ಪಕ್ಕದ ಸಾಲುಗಳು ತಲೆ ಬಗ್ಗಿಸಿದವು. ಬೇರೆ ಯಾರಾದರೂ ಆಗಿದ್ದರೆ, ಹಾಗಾದರೆ ಚಪ್ಪಲಿಯದ್ದಲ್ಲವೇನೋ ಎಂದು ಅನುಮಾನಪಡುತ್ತಿದ್ದರು. ತಂಪಣ್ಣ ಅನುಮಾನಪಟ್ಟದ್ದು ಸಸಿಯಮ್ಮನ ಕೈ ಮೇಲೆ. ಟ್ರೇಗೆ ಮಣ್ಣು ತುಂಬುವುದು ಅವರೇ ತಾನೇ. ಕಾಲಿಂದ ಆಗದಿದ್ದರೆ ಕೈಯಿಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲ, ಚಪ್ಪಲಿ, ಕೈ ಎಲ್ಲವನ್ನೂ ಡೊಂಕು ಅಂದ, ತನ್ನ ಕುಣಿತವೊಂದನ್ನು ಬಿಟ್ಟು.

ಶನಿವಾರ ಬೆಳಗ್ಗೆ ಅಕ್ಕ ಅವನನ್ನು ಅಡುಗೆಮನೆಗೆ ಕರೆದಳು. ಅವಳ ಕಣ್ಣು ನಿದ್ದೆಗೆಟ್ಟಿತ್ತು.

"ಸೋಮವಾರದಿಂದ ಬರೋದು ಬೇಡ ಅಂತ ಇವತ್ತು ಸಂಜೆ ಸಸಿಯಮ್ಮಂಗೆ ಹೇಳ್ಬಿಡ್ತೀನಿ. ಈ ತಂಡನೂ ಹೋದ್ರೆ ನರ್ಸರಿನೇ ಇರಲ್ಲ ಕಣೋ. ಆದ್ರೆ ಬರೀ ನಿನ್ನ ಬಾಯಿಮಾತು ನಂಬಿ ಅವರನ್ನ ಕಳ್ಸೋಕೆ ನನ್ನ ಕೈಲಾಗಲ್ಲ. ಲ್ಯಾಬಿಗೆ ಹೋಗು. ಕಾಗದ ತಗೊಂಡು ಬಾ."

ತಂಪಣ್ಣ ಕಾಗದ ತರಲು ಹೊರಟ. ಸತ್ತ ಎರಡು ಸಸಿಯ ಬೇರು, ಒಂದು ಸೀಸೆ ತೊಟ್ಟಿಯ ನೀರು, ಎರಡನ್ನೂ ದೊಡ್ಡ ಫ್ಲಾಸ್ಕಿನಲ್ಲಿಟ್ಟು, ಸುತ್ತಲೂ ಐಸು ತುರುಕಿದ. ಮಧ್ಯಾಹ್ನದ ಐಸಿನ ಜವಾಬ್ದಾರಿಯನ್ನು ಭಾವನಿಗೆ ವಹಿಸಿ, ಗೋಡೆಯ ಚೀಟಿಯನ್ನು ಇನ್ನೊಮ್ಮೆ ಬೆರಳಿಟ್ಟು ತೋರಿಸಿ, ಬಸ್ಸು ಹತ್ತಿದ. ಮಂಡಿ ಮೇಲೆ ಫ್ಲಾಸ್ಕನ್ನು ಕೂಸಿನ ಹಾಗೆ ಕೂರಿಸಿಕೊಂಡಿದ್ದ.

ಗಿಡದ ರೋಗ ನೋಡುವ ಲ್ಯಾಬು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದೇ ಕೋಣೆ. ಕಿಟಕಿಯ ಕಟ್ಟೆ ಮೇಲೆ ಸತ್ತ ಗಿಡಗಳು ಕುತ್ತಿಗೆಗೆ ಚೀಟಿ ಕಟ್ಟಿಕೊಂಡು ನಿಂತಿದ್ದವು. ಮೂಲೆಯಲ್ಲೊಂದು ಫ್ರಿಜ್ಜು ಗೊರಗೊರ ಅನ್ನುತ್ತಿತ್ತು. ತಂಪಣ್ಣ ಅಭ್ಯಾಸಬಲದಿಂದ ಮೊದಲು ಅದರ ಬಾಗಿಲಿನ ರಬ್ಬರನ್ನು ಒತ್ತಿ ನೋಡಿ, ಸಡಿಲವಾಗಿದೆ ಎಂದು ತಿಳಿಸಿ, ಆಮೇಲೆ ನಮಸ್ಕಾರ ಹೇಳಿದ. ಲ್ಯಾಬಿನ ಮೇಡಂ ಚಿಕ್ಕ ವಯಸ್ಸಿನವರು. ಕಿವಿ ಮೇಲೊಂದು ಪೆನ್ಸಿಲು, ಕೈಯಲ್ಲೊಂದು ಪೆನ್ಸಿಲು. ಅರ್ಧ ಗಂಟೆ ಗಾಜಿನ ತಟ್ಟೆಗಳನ್ನು ಆ ಫ್ರಿಜ್ಜಿನಲ್ಲಿಡದೆ ತಮ್ಮ ಒಂದು ಕೆಲಸವೂ ನಡೆಯುವುದಿಲ್ಲ ಎಂದು ಅವರು ಅಂದಾಗ ತಂಪಣ್ಣನ ಎದೆ ಉಬ್ಬಿತು. ವಿಜ್ಞಾನವೂ ಕಡೆಗೆ ತಂಪಿನ ಕಾಲಿಗೇ ಬಿತ್ತಲ್ಲ.

"ಐಸಲ್ಲಿ ಇಟ್ಕೊಂಡು ಬಂದ್ರಾ?" ಫ್ಲಾಸ್ಕು ಬಿಚ್ಚುತ್ತಾ ಮೇಡಂ ಕೇಳಿದರು.

ಮೂವತ್ತು ವರ್ಷದ ಅನುಭವ ಮೇಡಂ, ಅಂದ ತಂಪಣ್ಣ.

ಅವರು ಸೀಸೆಯನ್ನು ಮೇಜಿನ ಮೇಲೆ ನಿಲ್ಲಿಸಿ, ದಪ್ಪ ಪುಸ್ತಕದಲ್ಲಿ ಏನೇನೋ ಬರೆದುಕೊಂಡು, ಒಂದು ಫೋನು ಮಾತಾಡಿ, ಬೇರನ್ನು ಸಣ್ಣಗೆ ಕತ್ತರಿಸಿ ತಟ್ಟೆಯಲ್ಲಿಟ್ಟು ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ನೀರಿನ ಹನಿ ತೆಗೆಯಲು ಬಂದಾಗ ತಂಪಣ್ಣ ನೆರವಾಗಲೆಂದು ಸೀಸೆ ಎತ್ತಿ, ಔಷಧದ ಬಾಟಲಿ ಕುಲುಕುವ ಹಾಗೆ ಕುಲುಕಲು ಹೋದ. ಮೇಡಂ ಅವನ ಮಣಿಕಟ್ಟು ಹಿಡಿದುಕೊಂಡರು.

"ಅಲ್ಲಾಡಿಸ್ಬೇಡಿ. ಅಲ್ಲಾಡಿಸಿದ್ರೆ ಬಾಲ ಉದುರಿಸಿ ಕೂತ್ಬಿಡ್ತವೆ."

ಯಾರ ಬಾಲ ಎಂದು ಕೇಳುವ ಧೈರ್ಯವಾಗಲಿಲ್ಲ. ಅವರು ಹನಿಯನ್ನು ಗಾಜಿನ ಮೇಲಿಟ್ಟು ನೋಡಿ, "ಓಹೋ" ಎಂದು, ಅವನಿಗೆ ಜಾಗ ಬಿಟ್ಟರು. ತಂಪಣ್ಣ ರೆಪ್ಪೆಯನ್ನು ಆದಷ್ಟು ಹಿಂದಕ್ಕೆ ಹಿಡಿದು ಕಣ್ಣಿಟ್ಟ.

ಈ ಸಲ ರೆಪ್ಪೆ ಕೂದಲಲ್ಲ. ಹನಿಯ ತುಂಬ ಓಡಾಟ. ಅವರೆಕಾಳಿನ ಹಾಗೆ ಒಂದು ಮಗ್ಗುಲು ತಗ್ಗಿದ ಸಣ್ಣ ಸಣ್ಣ ಜೀವಗಳು, ಗಿರಕಿ ಹೊಡೆಯುತ್ತಾ, ಮುಂದೆ ನುಗ್ಗುತ್ತಾ, ತಕ್ಷಣ ತಿರುಗುತ್ತಾ, ಶಾಲೆ ಬಿಟ್ಟ ಮಕ್ಕಳಂತೆ ಈಜುತ್ತಿದ್ದವು. ಒಂದು ಮೂಲೆಯಲ್ಲಿ ನಿಂಬೆಹಣ್ಣಿನ ಆಕಾರದ ಒಂದು ಚೀಲ. ಅವನು ನೋಡುತ್ತಿದ್ದ ಹಾಗೆಯೇ ಅದರ ತುದಿ ಕರಗಿ, ಒಳಗಿಂದ ಒಂದೊಂದೇ ಮರಿ ಮೈ ಹಿಂಡಿಕೊಂಡು ಹೊರಬಂದು, ಒಂದು ಗಳಿಗೆ ನಿಂತು, ಈಜಿಕೊಂಡು ಹೊರಟುಹೋಯಿತು. ಇಂಥದ್ದನ್ನು ತಂಪಣ್ಣ ಹುಟ್ಟಿದಾರಭ್ಯ ಕಂಡಿರಲಿಲ್ಲ. ಬಾಯಿ ತೆರೆದುಕೊಂಡೇ ನೋಡಿದ.

ಮೇಡಂ ಹೇಳುತ್ತಾ ಹೋದರು. ಇದು ನೀರುಬೂಷ್ಟು, ನೋಡಲು ಬೂಷ್ಟಿನ ಹಾಗಿದ್ದರೂ ಅದರ ಕುಲವೇ ಬೇರೆ. ಈಜುವುವು ಅದರ ಬೀಜಕಗಳು. ಒಂದೊಂದಕ್ಕೂ ಎರಡೆರಡು ಬಾಲ, ಮುಂದಿನದು ಎಳೆಯುವುದಕ್ಕೆ, ಹಿಂದಿನದು ತಿರುಗಿಸುವುದಕ್ಕೆ. ಈಜುವಾಗ ಏನೂ ತಿನ್ನುವುದಿಲ್ಲ. ತಾಯಿ ಕಟ್ಟಿಕೊಟ್ಟ ಬುತ್ತಿ ಇರುವ ತನಕ ಕೆಲವು ಗಂಟೆ ಈಜುತ್ತವೆ. ಬೇರು ನೀರಿಗೆ ಬಿಡುವ ರಸದ ಜಾಡು ಹಿಡಿದು ಹುಡುಕಿಕೊಂಡು ಹೋಗುತ್ತವೆ. ಬೇರು ಸಿಕ್ಕಿದರೆ ಬಾಲ ಉದುರಿಸಿ, ಮೈಗೊಂದು ಗೋಡೆ ಕಟ್ಟಿಕೊಂಡು ಅಂಟಿ ಕೂರುತ್ತವೆ. ಆಮೇಲೆ ಮೊಳಕೆ ಬಿಟ್ಟು ಒಳಗೆ ಇಳಿಯುತ್ತವೆ.

"ಸಾಮಾನ್ಯವಾಗಿ ಇವನ್ನ ಹೊರಗೆ ಬರ್ಸೋಕೆ ನಾನು ಒದ್ದಾಡ್ಬೇಕು. ತಣ್ಣೀರು ಹಾಕಿ, ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು, ಹೊರಗೆ ತೆಗೆದು ಕಾಯ್ತೀನಿ. ದಿಢೀರ್ ತಂಪು ತಗುಲಿದ್ರೆ ಚೀಲದೊಳಗೇ ಮರಿಗಳಾಗಿ ಒಡೀತವೆ, ಮತ್ತೆ ಸ್ವಲ್ಪ ಬೆಚ್ಚಗಾದ ಕೂಡ್ಲೇ ಆಚೆ ಬರ್ತವೆ. ನೀವು ದಾರೀಲೇ ಆ ಕೆಲಸ ಮುಗಿಸ್ಕೊಂಡು ಬಂದಿದೀರ." ಮೇಡಂ ಮೆಚ್ಚಿಕೊಂಡೇ ಹೇಳಿದರು.

ತಂಪಣ್ಣ ಸೂಕ್ಷ್ಮದರ್ಶಕದಿಂದ ತಲೆಯೆತ್ತಲಿಲ್ಲ. ಎತ್ತಿದರೆ ಮುಖ ಕಾಣುತ್ತದಲ್ಲ. ಕಣ್ಣು ಅಲ್ಲೇ ಇಟ್ಟುಕೊಂಡು, ಬೇರೆ ಯಾರದೋ ವಿಷಯ ಕೇಳುವವನ ಹಾಗೆ, ಮಧ್ಯಾಹ್ನ ಬೆಚ್ಚಗಾದ ಟ್ಯಾಂಕಿಗೆ ದಿನವೂ ಎರಡು ಗಡ್ಡೆ ಐಸು ಹಾಕಿದರೆ ಏನಾದೀತು ಎಂದು ಕೇಳಿದ.

"ಯಾರು ಹಾಕ್ತಾರೆ?"

"ಒಬ್ಬರು ಹಾಕ್ತಾರೆ."

ಮೇಡಂಗೆ ನಗು ಬಂತು, ತಡೆದುಕೊಂಡರು. "ಈ ಬೂಷ್ಟು ಮಣ್ಣಲ್ಲಿ, ನೀರಲ್ಲಿ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಇರುತ್ತೆ. ನಿಮ್ಮಲ್ಲಿಗೆ ಎಲ್ಲಿಂದ ಬಂತು ಅಂತ ಯಾರೂ ಹೇಳಕ್ಕಾಗಲ್ಲ. ಸ್ವಲ್ಪ ಇದ್ರೆ ಸ್ವಲ್ಪ ಸಾಯುತ್ತೆ. ತಂಡಕ್ಕೆ ತಂಡ ಹೋಗ್ತಿದೆ ಅಂದ್ರೆ ಯಾರೋ ಅವನ್ನ ದಿನಾ ಎಬ್ಬಿಸಿ ಪಂಪಲ್ಲಿ ಹಂಚ್ತಿದಾರೆ. ಆ ಒಬ್ಬರಿಗೆ ಮೊದ್ಲು ಐಸು ನಿಲ್ಸೋಕೆ ಹೇಳಿ. ಟ್ಯಾಂಕು ಖಾಲಿ ಮಾಡಿ ಉಜ್ಜಿ, ಚೆನ್ನಾಗಿರೋ ಟ್ರೇಗಳನ್ನ ಬೇರೆ ನೀರಿಗೆ ಸಾಗ್ಸೋಕೆ ಹೇಳಿ."

ಕಾಗದ ಕೊಟ್ಟರು. ಅದರಲ್ಲಿ ರೋಗದ ಹೆಸರು, ತಾರೀಕು, ರುಜು. ಐಸಿನ ಸುದ್ದಿಯಿಲ್ಲ, ಚಪ್ಪಲಿಯ ಸುದ್ದಿಯೂ ಇಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತಂಪಣ್ಣ ಲೆಕ್ಕ ಹಾಕಿದ. ಮೂವತ್ತು ವರ್ಷ ಲೋಕವನ್ನು ತಣ್ಣಗಿಟ್ಟವನು, ಕಡೆಗಾಲಕ್ಕೆ ರೋಗಕ್ಕೆ ಸೂಲಗಿತ್ತಿಯಾದೆನಲ್ಲ. ಹಾವಿಗೆ ಹಾಲೆರೆದವರ ಮಾತು ಕೇಳಿದ್ದೇವೆ. ಬೂಷ್ಟಿಗೆ ಐಸೆರೆದವನು ತಾನೊಬ್ಬನೇ ಇರಬೇಕು. ಅದೂ ದಿನಾ, ಹೊತ್ತಿಗೆ ಸರಿಯಾಗಿ, ಚೀಟಿ ಅಂಟಿಸಿಕೊಂಡು. ಲ್ಯಾಬಿನವರು ಫ್ರಿಜ್ಜು ಕೊಂಡು, ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಇವನು ಐಸ್‌ಕ್ರೀಮಿನ ಪೆಟ್ಟಿಗೆಯಲ್ಲಿ ಪುಕ್ಕಟೆ ಮಾಡಿದ್ದ. ನಗು ಬಂದರೂ ಬಾಯಿವರೆಗೆ ಬರಲಿಲ್ಲ.

ಯಾಕೆಂದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಾಲ ಬಡಿಯುತ್ತಾ ಈಜಿಕೊಂಡು ಬಂತು. ಕಾಗದದಲ್ಲಿ ಐಸಿನ ಮಾತಿಲ್ಲ. ನಾಳೆಯಿಂದ ಪೆಟ್ಟಿಗೆ ಕೆಟ್ಟಿದೆ ಎಂದು ಐಸು ನಿಲ್ಲಿಸಬಹುದು. ಸೋಮವಾರ ಸಸಿಯಮ್ಮ ಇರುವುದಿಲ್ಲ, ಐಸೂ ಇರುವುದಿಲ್ಲ, ಮುಂದಿನ ತಂಡ ಚೆನ್ನಾಗಿ ಬರುತ್ತದೆ. ಡಾಕ್ಟರು ಹೇಳಿದ್ದೇ ಸರಿ ಎಂದು ಅಕ್ಕ ನಾಲ್ಕು ಜನರಿಗೆ ಹೇಳುತ್ತಾಳೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಯೋಚನೆ ಎಷ್ಟು ಸಲೀಸಾಗಿತ್ತೆಂದರೆ ತಂಪಣ್ಣನಿಗೆ ತನ್ನ ಮೇಲೆಯೇ ಗಾಬರಿಯಾಯಿತು. ಕಣ್ಣಮುಂದೆ ಬಂದದ್ದು ಈಜುಮರಿಗಳಲ್ಲ, ಮಗುಚಿ ಹಿಡಿದ ಒಂದು ಸವೆದ ಚಪ್ಪಲಿ.

ಗಡಿಯಾರ ನೋಡಿಕೊಂಡ. ಒಂದು ಮೂವತ್ತೆಂಟು. ಬಾಗಿಲ ಕಡೆಯ ಸಾಲುಗಳು ಬೆಳಗ್ಗೆ ಇನ್ನೂ ನೆಟ್ಟಗಿದ್ದವು, ಸುಮಾರು ಅರ್ಧ ತಂಡ. ಎರಡು ಗಂಟೆಗೆ ಭಾವ ಐಸು ಹಾಕುತ್ತಾರೆ. ಹಾಕಿದರೆ ಸಂಜೆಯೊಳಗೆ ಆ ಅರ್ಧಕ್ಕೂ ಮರಿಗಳು ಈಜಿಕೊಂಡು ಬರುತ್ತವೆ.

ಭಾವನಿಗೆ ಫೋನು ಮಾಡಿದ. ಎತ್ತಲಿಲ್ಲ, ಅವರ ಫೋನು ಯಾವತ್ತೂ ವ್ಯಾನಿನಲ್ಲಿ, ಅವರು ಯಾವತ್ತೂ ವ್ಯಾನಿನ ಹೊರಗೆ. ಅಕ್ಕನಿಗೆ ಮಾಡಿದ. ಎತ್ತಲಿಲ್ಲ. ಇನ್ನು ಉಳಿದದ್ದು ಮಣ್ಣಿನ ಶೆಡ್ಡಿನ ಗೋಡೆಗೆ ತೂಗುಹಾಕಿದ ಹಳೇ ಫೋನು. ಮೂರನೇ ಸಲ ಗಂಟೆ ಬಾರಿಸಿದಾಗ ಸಸಿಯಮ್ಮ ಎತ್ತಿದರು.

"ಸಸಿಯಮ್ಮ, ನಾನು. ಬೇಗ ಒಳಗೆ ಹೋಗಿ ಭಾವಂಗೆ ಐಸು ಹಾಕ್ಬೇಡಿ ಅಂತ ಹೇಳಿ."

"ನಾನು ಒಳಗೆ ಹೋಗಂಗಿಲ್ವಲ್ಲ ಅಣ್ಣ."

"ಪರವಾಗಿಲ್ಲ, ಹೋಗಿ."

"ನೀವೇ ಹೇಳಿದ್ದು. ಹೊಸಿಲು ದಾಟ್ಬಾರ್ದು ಅಂತ. ಈಗ ದಾಟಿದ್ಮೇಲೆ ಆ ಸಸಿನೂ ಸತ್ರೆ ಏನಂತೀರ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಂಪಣ್ಣನಿಗೆ ಸುಲಭವಾಗುತ್ತಿತ್ತು. ಒಂದು ನಲವತ್ತನಾಲ್ಕು. ಐಸು ಹಾಕಿದರೆ ಸಸಿ ಸಾಯುತ್ತದೆ, ಲ್ಯಾಬಿನಲ್ಲಿ ಹೇಳಿದರು ಎಂದ.

"ಹಾಗಾದ್ರೆ ನನ್ನ ಚಪ್ಪಲಿ?"

"ಚಪ್ಪಲಿ ಅಲ್ಲ ಸಸಿಯಮ್ಮ. ನಾನು."

"ಅದನ್ನ ಅಕ್ಕಂಗೆ ಹೇಳಿ. ಇಲ್ಲೇ ಬಟ್ಟೆ ಒಣಗಾಕ್ತಿದಾರೆ, ಕರೀತೀನಿ. ಅವರು ಹೋಗು ಅಂದ್ರೆ ಹೋಗ್ತೀನಿ."

ಅಕ್ಕ ಬಂದಳು. ಅಷ್ಟರಲ್ಲಿ ಬಸ್ಸು ಏರು ಹತ್ತತೊಡಗಿತು. ಇಂಜಿನಿನ ಸದ್ದಿನಲ್ಲಿ ಅವಳಿಗೆ ಇವನದು ಕೇಳದು, ಇವನಿಗೆ ಅವಳದು ಕೇಳದು. ಕಾಗದ ಸಿಕ್ತಾ, ಏನಂತ ಬರೆದಿದ್ದಾರೆ ಎಂದು ಅವಳು ಕೇಳುತ್ತಲೇ ಇದ್ದಳು. ತಂಪಣ್ಣ ಮೊದಲು ಗುಟ್ಟಾಗಿ, ಕೈ ಅಡ್ಡ ಹಿಡಿದು ಹೇಳಿದ, ಸಸಿ ಸತ್ತದ್ದು ನನ್ನಿಂದ ಎಂದು. ಏನು, ಅಂದಳು. ಎರಡನೇ ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದ. ಮುಂದಿನ ಸೀಟಿನಲ್ಲಿ ಚೀಲ ತಬ್ಬಿಕೊಂಡು ಕೂತಿದ್ದ ಅಜ್ಜಿ ಹಿಂದಕ್ಕೆ ತಿರುಗಿದರು.

"ಜೋರಾಗಿ ಹೇಳಪ್ಪ, ಪಾಪ ಅವರಿಗೆ ಕೇಳ್ತಿಲ್ಲ."

ತಂಪಣ್ಣ ಕಣ್ಣು ಮುಚ್ಚಿಕೊಂಡ. "ಅಕ್ಕ, ತಪ್ಪು ನಂದು. ಐಸಿಂದ ಸಸಿ ಸತ್ತಿದ್ದು. ಸಸಿಯಮ್ಮಂದೇನೂ ತಪ್ಪಿಲ್ಲ. ಅವರನ್ನ ಒಳಗೆ ಬಿಡು, ಐಸು ತಡೀಲಿ" ಎಂದು, ಇಡೀ ಬಸ್ಸು ಕೇಳುವ ಹಾಗೆ ಕೂಗಿದ. ಅದೇ ಹೊತ್ತಿಗೆ ಏರು ಮುಗಿದು ಇಂಜಿನು ತಣ್ಣಗಾಗಿತ್ತು. ಕೊನೆಯ ನಾಲ್ಕು ಮಾತು ಪೂರಾ ನಿಶ್ಶಬ್ದದಲ್ಲಿ ಬಿದ್ದವು. ಕಂಡಕ್ಟರು ಟಿಕೆಟು ಹರಿಯುವುದನ್ನು ನಿಲ್ಲಿಸಿ ನೋಡಿದ. ಅಜ್ಜಿ ತಲೆದೂಗಿ, ಹಾಗೆ ಅಂದುಬಿಡಬೇಕು, ಅಂದರು. ಕುಲುಕಿದ ಸೀಸೆಯ ಮರಿಯ ಹಾಗೆ ತಂಪಣ್ಣ ಬಾಲ ಉದುರಿಸಿ ಸೀಟಿಗೆ ಅಂಟಿ ಕೂತ.

ಅಕ್ಕ ಅಂದದ್ದು ಎರಡೇ ಮಾತು. "ಮನೆಗೆ ಬಾ."

ಆಮೇಲೆ ನಡೆದದ್ದನ್ನು ಭಾವ ಮುಂದೆ ಎಷ್ಟೋ ದಿನ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದರು. ಅವರು ಹತ್ತು ನಿಮಿಷ ಮುಂಚಿತವಾಗಿಯೇ ಎರಡೂ ಗಡ್ಡೆಯನ್ನು ಎದೆಗವಚಿಕೊಂಡು ಟ್ಯಾಂಕಿನ ಬಾಯಿಗೆ ಬಗ್ಗಿದ್ದರಂತೆ. ಕೈ ಸೇದುತ್ತಿದ್ದುದರಿಂದ ಬೇಗ ಮುಗಿಸೋಣ ಎಂದು. ಸಸಿಯಮ್ಮ ಬರಿಗಾಲಲ್ಲಿ ಒಳಗೆ ಬಂದು, ಕೈಯಲ್ಲಿ ಚಾಕು ಹಿಡಿದ ಮಗುವಿಗೆ ಹೇಳುವ ಹಾಗೆ, "ಕೆಳಗಿಡಿ" ಅಂದರಂತೆ. ಅವರು ಇಟ್ಟುಬಿಟ್ಟರಂತೆ. ಯಾಕೆ ಎಂದು ಕೇಳಲೂ ತೋಚಲಿಲ್ಲವಂತೆ.

ತಂಪಣ್ಣ ಮನೆ ಮುಟ್ಟಿದಾಗ ಗಾಜಿನ ಮನೆಯ ಮುಂದೆ ಒಂದು ಬೋಗುಣಿಯಲ್ಲಿ ಎರಡು ಗಡ್ಡೆ ಕರಗುತ್ತಿದ್ದವು. ಸಸಿಯಮ್ಮ ಅದರ ಪಕ್ಕ ಕೂತು ಬ್ರಷ್ಷಿನಿಂದ ಚಪ್ಪಲಿ ಉಜ್ಜುತ್ತಿದ್ದರು.

"ಐಸಲ್ಲಿ ತೊಳೀತಿದೀನಿ ಅಣ್ಣ," ಅಂದರು ತಲೆಯೆತ್ತದೆ. "ಕೆಡಲ್ಲ ಅಂತಾರಲ್ಲ."

ಭಾನುವಾರ ಪೂರ್ತಿ ಟ್ಯಾಂಕು ಉಜ್ಜುವುದೇ ಆಯಿತು. ಒಳಗಿಳಿದು ಉಜ್ಜಿದವನು ತಂಪಣ್ಣ, ಹಟ ಬಿಟ್ಟುಕೊಟ್ಟ ಅದೇ ಮಂಡಿಯ ಮೇಲೆ ಕೂತು. ಬಾಗಿಲ ಕಡೆಯ ಟ್ರೇಗಳನ್ನು ಹೊಸ ನೀರಿಗೆ ಸಾಗಿಸಿದರು. ಅವುಗಳಲ್ಲೂ ಕೆಲವು ಮಲಗಿದವು. ಆದರೆ ಅಲ್ಲೊಂದು ಇಲ್ಲೊಂದು. ನಾಲ್ಕು ಸಾವಿರದಲ್ಲಿ ಸಾವಿರದ ಒಂಬೈನೂರು ಉಳಿದವು. ಬೆಳೆಗಾರ ಗೊಣಗಿಕೊಂಡೇ ಅಷ್ಟನ್ನು ಒಪ್ಪಿ, ಉಳಿದದ್ದಕ್ಕೆ ಕಾಯುವುದಾಗಿ ಹೇಳಿದ. ಅಕ್ಕ ತಮ್ಮನನ್ನು ಒಂದು ಮಾತೂ ಬೈಯಲಿಲ್ಲ. ಬೈಯದೆ ಏನು ಮಾಡಿದಳೆಂದರೆ, ಬಂದ ಗಿರಾಕಿಗಳಿಗೆಲ್ಲ ಕಥೆಯನ್ನು ಮೊದಲಿಂದ ಕೊನೆಯವರೆಗೆ, ಬಸ್ಸಿನ ಕೂಗಿನ ಸಮೇತ ಹೇಳಿದಳು. ಭಾವ ಅದಕ್ಕೆ ಬಾಲ ಸೇರಿಸುತ್ತಿದ್ದರು: "ನಮ್ಮ ಡಾಕ್ಟ್ರು ಬಲು ನಿಯತ್ತಿನವರು. ರೋಗಿ ಹೋದ್ರೂ ರೋಗನ ಮಾತ್ರ ಬಿಟ್ಟುಕೊಡ್ಲಿಲ್ಲ."

ಸೋಮವಾರ ಸಸಿಯಮ್ಮ ಬಂದರು. ಒಳಗೆ ಬರಲಿಲ್ಲ. ನೇರ ಶೆಡ್ಡಿಗೆ ಹೋಗಿ ಮಣ್ಣು ತುಂಬತೊಡಗಿದರು. ಅಕ್ಕ ಹೋಗಿ ಕರೆದಳು, ಭಾವ ಹೋಗಿ ಕರೆದರು. ಕೊನೆಗೆ ತಂಪಣ್ಣ ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತ. ತಪ್ಪಾಯ್ತು ಎಂದು ಇಲ್ಲೂ ಒಂದು ಸಲ ಹೇಳಿದ. ಬಸ್ಸಿನಲ್ಲಿ ಹೇಳಿದ್ದಕ್ಕಿಂತ ಇಲ್ಲಿ ಹೇಳುವುದೇ ಕಷ್ಟವಾಯಿತು. ಕೇಳುವವರು ಒಬ್ಬರೇ ಇದ್ದರು.

"ನನ್ನನ್ನ ಕಳ್ಸೋಕೆ ಕಾಗದ ಬೇಕಾಗಿತ್ತಂತಲ್ಲ ಅಣ್ಣ," ಅಂದರು ಸಸಿಯಮ್ಮ. "ಕರೆಯೋಕೂ ಒಂದು ಕಾಗದ ಇರ್ಲಿ. ಅದೇ ಗೋಡೆ ಮೇಲೆ. ಅಡಿಗೆರೆನೂ ಎರಡಿರ್ಲಿ."

ತಂಪಣ್ಣ ಹಳೇ ಚೀಟಿ ಕಿತ್ತು, ಅದೇ ಜಾಗಕ್ಕೆ ಹೊಸದು ಅಂಟಿಸಿದ. "ಇಲ್ಲಿ ಸಸಿ ಸತ್ತದ್ದು ಐಸಿನಿಂದ. ಐಸು ಹಾಕಿದ್ದು ನಾನು." ಎರಡು ಗೆರೆ ಎಳೆದ. ಸಸಿಯಮ್ಮ ಹೊಸಿಲ ಹೊರಗೇ ನಿಂತು ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದರು. ಮುಗಿದ ಮೇಲೆ ಸ್ವಲ್ಪ ಯೋಚಿಸಿ, ಕೆಳಗೆ ಜಾಗ ಉಳಿದಿದೆ, ಚಪ್ಪಲಿ ವಿಷಯನೂ ಬರೀರಿ ಅಂದರು. ಅವನು ಬರೆಯಲು ಪೆನ್ನು ತೆಗೆದಾಗ ಅವರೇ ಹೇಳಿಕೊಟ್ಟರು: "ಚಪ್ಪಲಿ ಎಲ್ಲರೂ ಹೊರಗೆ ಬಿಡಿ. ಎಲ್ಲರೂ." ಎರಡನೇ "ಎಲ್ಲರೂ" ಕೆಳಗೆ ಗೆರೆ ಎಳೆಸಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಏನೂ ಆಗಿಲ್ಲವೆಂಬಂತೆ ಮೊದಲ ಟ್ರೇಯ ಮುಂದೆ ಕೂತು ಸಸಿ ಕೀಳತೊಡಗಿದರು.

ಐಸ್‌ಕ್ರೀಮಿನ ಪೆಟ್ಟಿಗೆ ಮೂಲೆಯಲ್ಲಿ ಹಾಗೇ ಉಳಿಯಿತು. ಕರೆಂಟು ಕಿತ್ತು, ಅದರೊಳಗೆ ಬೀಜದ ಡಬ್ಬಿಗಳನ್ನು ಇಟ್ಟರು. ಗಾಜಿನ ಮನೆಗೆ ತಂಪಣ್ಣ ಹೋಗಬೇಕಾದರೆ ಸಸಿಯಮ್ಮನನ್ನು ಕೇಳಿ ಹೋಗಬೇಕು ಎಂದು ಅಕ್ಕ ಕಾನೂನು ಮಾಡಿದಳು. ಮಾಡದಿದ್ದರೂ ಅವನು ಕೇಳುತ್ತಿದ್ದನೇನೋ. ಆ ಬೇಸಿಗೆ ಪೂರ್ತಿ, ಮಧ್ಯಾಹ್ನ ಎರಡಕ್ಕೆ ಅವನ ಕಾಲು ತಾನೇ ಎದ್ದು ಅತ್ತ ನಡೆಯುತ್ತಿತ್ತು. ಮೂವತ್ತು ವರ್ಷದ ಸಿದ್ಧಾಂತ ಅಷ್ಟು ಬೇಗ ಬಾಲ ಮುದುರುವುದಿಲ್ಲ. ಹೊಸಿಲಲ್ಲಿ ಚಪ್ಪಲಿ ಬಿಟ್ಟು ನಿಂತರೆ ಒಳಗಿಂದ ಸಸಿಯಮ್ಮ ತಲೆಯೆತ್ತುತ್ತಿದ್ದರು.

"ಕೈ ತೋರ್ಸಿ ಅಣ್ಣ."

ಶಾಲೆಯ ಹುಡುಗನ ಹಾಗೆ ತಂಪಣ್ಣ ಎರಡೂ ಅಂಗೈ ಚಾಚುತ್ತಿದ್ದ. ಒಂದು ದಿನ ಕಂಕುಳಲ್ಲಿ ಫ್ಲಾಸ್ಕು ಸಿಕ್ಕಿಬಿತ್ತು. ಕುಡಿಯಕ್ಕೆ ತಂದಿದ್ದು, ಬರೀ ಕುಡಿಯಕ್ಕೆ, ಎಂದು ಅವನು ಆಣೆ ಮಾಡಿದ. ಸಸಿಯಮ್ಮ ಎದ್ದು ಬಂದು ಅದನ್ನು ಇಸಿದುಕೊಂಡು, ಮುಚ್ಚಳ ಬಿಚ್ಚಿ, ಬಿಸಿಲಲ್ಲಿ ನಿಂತು ಗಟಗಟ ಅರ್ಧ ಖಾಲಿ ಮಾಡಿ, ಬಾಯಿ ಒರೆಸಿಕೊಂಡರು.

"ಇದು ಮಾತ್ರ ಸರಿಯಾಗಿದೆ," ಅಂದು, ಉಳಿದರ್ಧವನ್ನು ಅವನ ಕೈಗೆ ಕೊಟ್ಟು, ಕುಡಿದು ಮುಗಿಸುವ ತನಕ ಹೊಸಿಲಲ್ಲೇ ಕಾವಲು ನಿಂತರು.